ಮೇಂಟೇನರ್ ಅಂದರೆ ಕೋಡಿನ ನೀರುಗಂಟಿ

ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್, ಅದರ ವಿಷಯ ಬಂದಾಗೆಲ್ಲ ಮೇಂಟೇನರ್ ಅನ್ನುವ ಪದ ಕಿವಿಗೆ ಬೀಳುತ್ತದೆ. ಸುಮಾರು ಜನ ಇದನ್ನು ಪ್ರೋಗ್ರಾಂ ಬರೆದವನು ಅಂತ ತಿಳಿದುಕೊಂಡಿದ್ದಾರೆ. ಬರೆದವನು ಯಾರೋ ಇರಬಹುದು, ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿರಲೂಬಹುದು. ಮೇಂಟೇನರ್ ಅಂದರೆ ಈಗ ಅದನ್ನು ನೋಡಿಕೊಳ್ಳುತ್ತಿರುವವನು. ಕನ್ನಡದಲ್ಲಿ 'ನಿರ್ವಾಹಕ' ಅನ್ನಬಹುದು, ಆದರೆ ನನಗೆ ಆ ಪದ ಕೇಳಿದರೆ ಕಡೂರು ಬಸ್ಸಿನ ಕಂಡಕ್ಟರೇ ನೆನಪಾಗುತ್ತಾನೆ.

ಸಖರಾಯಪಟ್ಟಣದ ಅಯ್ಯನಕೆರೆ ನೋಡಿದ್ದೀರಾ? ಅಂಥ ಕೆರೆಗಳನ್ನು ಕಟ್ಟಿಸಿದವರು ಯಾವ ಕಾಲದವರೋ. ನೀರು ಊರಿನದು. ತೂಬು ಎತ್ತುವುದು, ಇವತ್ತು ಯಾರ ಗದ್ದೆಗೆ ನೀರು ಅಂತ ಸರದಿ ನೋಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಹೇಳುವುದು, ಇದಕ್ಕೆಲ್ಲ ಹಿಂದೆ ಕೆರೆ ಇದ್ದ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ಮೇಂಟೇನರ್ ಕೆಲಸ ಹೆಚ್ಚುಕಮ್ಮಿ ಇದೇ. ನೀರುಗಂಟಿಗೆ ಸುಗ್ಗಿಯಲ್ಲಿ ಒಂದಿಷ್ಟು ಕಾಳುಕಡ್ಡಿ ಸಿಗುತ್ತಿತ್ತು, ಇವನಿಗೆ ಎಷ್ಟೋ ಸಲ ಅದೂ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಲಿಸ್ಪ್ ಗೊತ್ತಲ್ವಾ, ಬರೀ ಆವರಣ ಚಿಹ್ನೆಗಳೇ ತುಂಬಿರುವ ಪ್ರೋಗ್ರಾಮಿಂಗ್ ಭಾಷೆ, 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ್ದು. ಅದರ ಒಂದು ರೂಪ ಕಾಮನ್ ಲಿಸ್ಪ್‌ಗೆ 1994ರಲ್ಲಿ ಆನ್ಸಿ ಸ್ಟ್ಯಾಂಡರ್ಡ್ (ಅಮೆರಿಕದ ಮಾನದಂಡ ಸಂಸ್ಥೆ ಒಪ್ಪಿದ ನಿಯಮಾವಳಿ) ಬಂತು, ಆದರೆ ಅದರಲ್ಲಿ ವಿಂಡೋ, ಬಟನ್, ಮೆನು ಇವುಗಳ ಮಾತೇ ಇಲ್ಲ. ಅದಕ್ಕೆ ಬೇರೆ ಟೂಲ್‌ಕಿಟ್, ಅಂದರೆ ಅವನ್ನೆಲ್ಲ ಪರದೆ ಮೇಲೆ ಮೂಡಿಸುವ ಸಿದ್ಧ ಕೋಡಿನ ಕಂತೆ, ಬೇಕು. ಕ್ಲಿಮ್ ಅಂಥದ್ದೊಂದು, ಸಿಂಬಾಲಿಕ್ಸ್ ಕಂಪನಿಯ ಲಿಸ್ಪ್ ಯಂತ್ರಗಳ (ಲಿಸ್ಪ್ ಓಡಿಸಲೆಂದೇ ಮಾಡಿದ ಕಂಪ್ಯೂಟರುಗಳ) ಕಾಲದಲ್ಲಿ ಹುಟ್ಟಿದ ಯೋಚನೆ. ಅದರಲ್ಲಿ ಪರದೆ ಮೇಲೆ ಒಂದು ಫೈಲಿನ ಹೆಸರು ಮೂಡಿದರೆ, ತಾನು ಯಾವ ಫೈಲು ಅನ್ನುವುದು ಆ ಹೆಸರಿಗೆ ನೆನಪಿರುತ್ತದೆ, ಆಮೇಲೆ ಯಾವುದೋ ಕಮಾಂಡ್ 'ಫೈಲ್ ಕೊಡಿ' ಅಂದಾಗ ಆ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು. ಎಷ್ಟು ಚೆನ್ನಾಗಿದೆ! ಯಾರು ಬೇಕಾದರೂ ಬಳಸಬಹುದಾದ ಅದರ ರೂಪ ಮೆಕ್‌ಕ್ಲಿಮ್. ಅದರ 0.9.6 ಆವೃತ್ತಿ ಬಂದಿದ್ದು 2008ರಲ್ಲಿ, 0.9.7 ಬಂದಿದ್ದು 2018ರಲ್ಲಿ. ನಡುವೆ ಹತ್ತು ವರ್ಷ. ಕೋಡ್ ಇದ್ದಲ್ಲೇ ಇತ್ತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಆದರೆ ಬಿಡುಗಡೆ ಆಗಬೇಕಾದರೆ ಯಾರೋ ಒಬ್ಬರು ಕೂತು ಹಳೇ ದೂರುಗಳನ್ನು ಬಿಡಿಸಬೇಕು, ಬೇರೆಯವರು ಕಳಿಸಿದ ಪ್ಯಾಚ್‌ಗಳನ್ನು, ಅಂದರೆ ಕೋಡಿನ ತಿದ್ದುಪಡಿಗಳನ್ನು, ಓದಬೇಕು, ಕೆಲವಕ್ಕೆ ಬೇಡ ಅನ್ನಬೇಕು. ಬೇಡ ಅನ್ನುವುದೇ ಕಷ್ಟ. ಸುಮ್ನೆ ಒಪ್ಪಿಕೊಂಡರೆ ನಾಳೆ ಅದು ಕೆಟ್ಟಾಗ ಯಾರ ತಲೆಗೆ ಬರುತ್ತದೆ?

ನಾನು ಇನ್ನೊಂದು ಚಿಕ್ಕ ಲಿಸ್ಪ್ ಟೂಲ್‌ಕಿಟ್‌ಗೆ ಅಂಟಿಕೊಂಡಿದ್ದು ನಮ್ಮ ಊರಿನ ಹೆಸರಿನಿಂದ. ಒಂದು ಬಟನ್ ಮೇಲೆ 'ಚಿಕ್ಕಮಗಳೂರು' ಅಂತ ಹಾಕಿದೆ. ಒತ್ತು ಕೆಳಗೆ ಇಳಿಯದೆ 'ಚಿಕ್‌ಕಮಗಳೂರು' ಅಂತ ಬಂತು. ಆ ಟೂಲ್‌ಕಿಟ್ ಒಂದು ಯೂನಿಕೋಡ್ ಸಂಖ್ಯೆಗೆ (ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಕೊಟ್ಟಿರುವ ಸಂಖ್ಯೆ) ಒಂದು ಆಕಾರ ಅಂತ ಸಾಲಾಗಿ ಜೋಡಿಸುತ್ತಿತ್ತು, ಕನ್ನಡದಲ್ಲಿ ಕ, ಹಲಂತ, ಇನ್ನೊಂದು ಕ ಮೂರೂ ಸೇರಿ ಒಂದಾಗಬೇಕು. ಹಾರ್ಫ್‌ಬಝ್ ಅನ್ನುವ ಓಪನ್ ಸೋರ್ಸ್ ಕೋಡು ಮಾಡುವುದು ಇದೇ ಕೆಲಸ. ಅದನ್ನು ಹೇಗೋ ಜೋಡಿಸಿ ಪ್ಯಾಚ್ ಕಳಿಸಿದೆ. ಮೇಂಟೇನರ್ ಮೂರು ಪ್ರಶ್ನೆ ಕೇಳಿದರು. ಹಾರ್ಫ್‌ಬಝ್ ಇಲ್ಲದ ಕಂಪ್ಯೂಟರಿನಲ್ಲಿ ಏನಾಗುತ್ತದೆ? 'ಕ್ಕ' ಮೇಲೆ ಬ್ಯಾಕ್‌ಸ್ಪೇಸ್ ಒತ್ತಿದರೆ ಕರ್ಸರ್ ಎಲ್ಲಿ ನಿಲ್ಲುತ್ತದೆ? ಇದು ಸರಿಯಾಗಿ ಕೆಲಸ ಮಾಡುತ್ತದೆ ಅಂತ ತೋರಿಸುವ ಟೆಸ್ಟ್ ಎಲ್ಲಿ?

ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಅಷ್ಟರಲ್ಲಿ ಡಿಸೆಂಬರ್ ಬಂತು, ಕಾಫಿ ಹಣ್ಣು ಕೀಳುವ ಕಾಲ, ಆಳು ಸಿಗದೆ ಮನೆಮಂದಿಯೆಲ್ಲ ತೋಟದಲ್ಲೇ. ಎರಡು ತಿಂಗಳು ಪ್ಯಾಚ್ ಹಾಗೇ ಬಿದ್ದಿತ್ತು. ಮೇಂಟೇನರ್ ಮನಸ್ಸು ಮಾಡಿದ್ದರೆ ಒಂದೇ ಸಂಜೆಯಲ್ಲಿ ತಾವೇ ಸರಿ ಮಾಡಿ ಮುಗಿಸಬಹುದಿತ್ತು. ಮುಗಿಸಲಿಲ್ಲ. 'ಬಿಡುವಾದಾಗ ನೋಡಿ' ಅಂತ ಒಂದು ಸಾಲು, ಜೊತೆಗೆ ಟೆಸ್ಟ್ ಹೇಗೆ ಬರೆಯಬೇಕು ಅಂತ ಐದು ಸಾಲಿನ ಮಾದರಿ. ಪ್ರಾಜೆಕ್ಟ್ ಬೆಳೆಸುವುದು ಅನ್ನುತ್ತಾರಲ್ಲ, ನನ್ನ ಲೆಕ್ಕದಲ್ಲಿ ಅದು ಇಷ್ಟೇ. ಆಗ ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು ಅನ್ನಿ.

ಫೆಬ್ರವರಿ ಕೊನೆಯಲ್ಲಿ ಪ್ಯಾಚ್ ಒಳಗೆ ಹೋಯಿತು. ಮೊನ್ನೆ ಯಾರೋ ಮಲಯಾಳಂ ಅಕ್ಷರ ಒಡೆಯುತ್ತಿದೆ ಅಂತ ದೂರು ಬರೆದಿದ್ದರು. ಮೇಂಟೇನರ್ ಅದನ್ನು ಸೀದಾ ನನ್ನ ಹೆಸರಿಗೆ ಹಾಕಿದ್ದಾರೆ. ಈಗ ನಾನು ಮಲಯಾಳಂ ಕೂಡಕ್ಷರ ಕಲಿಯುತ್ತಾ ಕೂತಿದ್ದೇನೆ.