ರೈಲು ಎಳೆದ ಟ್ರಕ್‌ಗೆ ಟ್ರೇಲರ್ ಯಾಕೆ ಭಾರ?

2019ರ ಜುಲೈನಲ್ಲಿ ಫೋರ್ಡ್ ಕಂಪನಿ ಒಂದು ವಿಡಿಯೊ ಬಿಟ್ಟಿತು. ಇನ್ನೂ ಮಾರಾಟಕ್ಕೆ ಬರದಿದ್ದ ಎಲೆಕ್ಟ್ರಿಕ್ ಎಫ್-150 ಪಿಕಪ್ ಟ್ರಕ್ ಅದರಲ್ಲಿ ಹತ್ತು ಡಬಲ್ ಡೆಕ್ಕರ್ ರೈಲು ಬೋಗಿಗಳನ್ನು ಎಳೆಯುತ್ತದೆ. ಆಮೇಲೆ ಬೋಗಿಗಳೊಳಗೆ 42 ಪಿಕಪ್‌ಗಳನ್ನು ತುಂಬಿ ಮತ್ತೆ ಎಳೆಸಿದರು. ಒಟ್ಟು ತೂಕ 12.5 ಲಕ್ಷ ಪೌಂಡ್, ಅಂದರೆ ಸುಮಾರು 567 ಟನ್.

2022ರಲ್ಲಿ ಆ ಟ್ರಕ್ ಎಫ್-150 ಲೈಟ್ನಿಂಗ್ ಎಂಬ ಹೆಸರಿನಲ್ಲಿ ರಸ್ತೆಗೆ ಬಂತು. ಅಮೆರಿಕದಲ್ಲಿ ಪಿಕಪ್ ಕೊಂಡವರು ಅದಕ್ಕೆ ದೋಣಿ, ಕುದುರೆ ಗಾಡಿ, ಮನೆಯಂಥ ಟ್ರೇಲರ್ ಕಟ್ಟಿಕೊಂಡು ನೂರಾರು ಮೈಲಿ ಹೋಗುವುದು ಮಾಮೂಲು. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ ಮಾದರಿಗೆ ಅಧಿಕೃತ ಓಟ 320 ಮೈಲಿ, ಅಂದರೆ 515 ಕಿ.ಮೀ. ದೊಡ್ಡ ಟ್ರೇಲರ್ ಕಟ್ಟಿದರೆ ಅದು ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಗ ಎಲ್ಲ ಕಡೆ ಒಂದೇ ಮಾತು: ಎಲೆಕ್ಟ್ರಿಕ್‌ಗೆ ಎಳೆಯುವ ತಾಕತ್ತಿಲ್ಲ, ಎಳೆಯಲು ಡೀಸೆಲ್ಲೇ ಬೇಕು.

ರೈಲಿನ ವಿಡಿಯೊ ತೋರಿಸಿ ಎಲೆಕ್ಟ್ರಿಕ್ ಮೇಲು ಎನ್ನುವವರೂ, ಖಾಲಿಯಾದ ಬ್ಯಾಟರಿ ತೋರಿಸಿ ಅದಕ್ಕೆ ತಾಕತ್ತಿಲ್ಲ ಎನ್ನುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಬಲ ಬೇರೆ, ಶಕ್ತಿ ಬೇರೆ. ಹೈಸ್ಕೂಲಿನಲ್ಲಿ ಇಬ್ಬರೂ ಓದಿದ ಪಾಠ ಇದು.

ಮೊದಲು ರೈಲಿನ ಲೆಕ್ಕ ನೋಡೋಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ಬೇಕಾದ ಬಲ ತೀರಾ ಕಡಿಮೆ. ತೂಕದ ಸಾವಿರದಲ್ಲಿ ಎರಡು ಪಾಲು ಅಂತ ಇಟ್ಟುಕೊಳ್ಳಿ. 567 ಟನ್ ರೈಲನ್ನು ಸಮತಟ್ಟಿನಲ್ಲಿ ನಿಧಾನವಾಗಿ ಎಳೆಯಲು ಸುಮಾರು 1.1 ಟನ್ ತೂಕವನ್ನು ಎತ್ತುವಷ್ಟು ಬಲ ಸಾಕು. ಅದನ್ನು 300 ಮೀಟರ್ ಎಳೆದರೆ ಖರ್ಚಾಗುವ ಶಕ್ತಿ ಎಷ್ಟು? ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಒಂದು ಯೂನಿಟ್. ಅಷ್ಟೇ! ಗೀಸರ್ ಅರ್ಧ ಗಂಟೆ ಉರಿದರೆ ಹೋಗುವಷ್ಟು. ಇದು ಎಲೆಕ್ಟ್ರಿಕ್ ಮಾತ್ರ ಮಾಡುವ ಪವಾಡವೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಮ್ಯೂಸಿಯಂಗೆ ಸಾಗಿಸುವಾಗ, ಹೆದ್ದಾರಿ ಮೇಲಿನ ಸೇತುವೆ ದಾಟಿಸಿದ್ದು ಒಂದು ಪೆಟ್ರೋಲ್ ಟೊಯೊಟಾ ಟಂಡ್ರಾ. ನೌಕೆ ಮತ್ತು ಅದರ ಗಾಡಿ ಸೇರಿ ಸುಮಾರು 130 ಟನ್.

ಈಗ ಟ್ರೇಲರ್‌ಗೆ ಬನ್ನಿ. ಮೂರು ಟನ್ ತೂಕದ, ಪೆಟ್ಟಿಗೆ ಆಕಾರದ ಒಂದು ಟ್ರೇಲರ್. ಸಮತಟ್ಟು ರಸ್ತೆ, ಗಂಟೆಗೆ 100 ಕಿ.ಮೀ. ವೇಗ. ಟೈರ್ ಉರುಳುವ ತಡೆ ತೂಕದ ನೂರರಲ್ಲಿ ಒಂದು ಪಾಲು, ಅಂದರೆ ಕೇವಲ 30 ಕಿಲೊ ತೂಕದಷ್ಟು ಬಲ. ಅದರ ಚಪ್ಪಟೆ ಎದೆಗೆ ಬಡಿಯುವ ಗಾಳಿಯ ತಡೆ ಇದರ ನಾಲ್ಕು ಪಟ್ಟು. ಜನ ತೂಕ ನೋಡಿ ಹೆದರುತ್ತಾರೆ. ಇಂಧನ ತಿನ್ನುವುದು ಗಾಳಿ. ಅಷ್ಟೇ ತೂಕದ, ತಗ್ಗಾದ ದೋಣಿ ಕಟ್ಟಿಕೊಂಡು ಹೋದವರಿಗೆ ಇದರ ಅರ್ಧದಷ್ಟೂ ತೊಂದರೆ ಆಗುವುದಿಲ್ಲ.

ಇದು ಹೊಸ ತಿಳಿವಳಿಕೆಯೂ ಅಲ್ಲ. 1934ರಲ್ಲೇ ಹಾಲಿ ಬೌಲಸ್ ಎಂಬಾತ ಮೊಟ್ಟೆಯಂತೆ ನುಣುಪಾದ ಅಲ್ಯೂಮಿನಿಯಂ ಟ್ರೇಲರ್ ಮಾಡಿದ. ಆತ ಗ್ಲೈಡರ್ ತಯಾರಕ. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನ ಕಟ್ಟಿದ ತಂಡದ ಮೇಲ್ವಿಚಾರಕನೂ ಆಗಿದ್ದ. ಗಾಳಿಯ ಜತೆ ಕೆಲಸ ಮಾಡಿದವನಿಗೆ ಎಲ್ಲಿ ನಷ್ಟ ಆಗುತ್ತದೆ ಅಂತ ಗೊತ್ತಿತ್ತು. ಇವತ್ತಿನ ಹೊಳೆಯುವ ಏರ್‌ಸ್ಟ್ರೀಮ್ ಟ್ರೇಲರ್‌ಗಳ ಮೂಲ ಅದೇ. ತೊಂಬತ್ತು ವರ್ಷ ಕಳೆದರೂ ಮಾರುಕಟ್ಟೆಯ ತುಂಬ ಪೆಟ್ಟಿಗೆಗಳೇ ಇವೆ. ಪೆಟ್ರೋಲ್ ಅಗ್ಗವಾಗಿದ್ದ ದೇಶದಲ್ಲಿ ಯಾರಿಗೂ ಅದು ಕಾಡಲಿಲ್ಲ.

ಡೀಸೆಲ್, ಪೆಟ್ರೋಲ್, ಎಲೆಕ್ಟ್ರಿಕ್, ಮೂರೂ ಬಗೆಯ ಟ್ರಕ್‌ಗಳ ಲೆಕ್ಕ ಹಾಕೋಣ. ಟ್ರೇಲರ್ ಇಲ್ಲದೆ 100 ಕಿ.ಮೀ. ಹೋಗಲು ಚಕ್ರಕ್ಕೆ ಸುಮಾರು 25 ಯೂನಿಟ್ ಶಕ್ತಿ ಬೇಕು. ಪೆಟ್ಟಿಗೆ ಟ್ರೇಲರ್ ಕಟ್ಟಿದರೆ 65 ಯೂನಿಟ್. ಟ್ರೇಲರ್‌ಗೆ ಮುಂದಿರುವ ಟ್ರಕ್ ಯಾವುದೆಂದು ಗೊತ್ತಿಲ್ಲ. ಡೀಸೆಲ್, ಪೆಟ್ರೋಲ್, ಎಲೆಕ್ಟ್ರಿಕ್, ಎಲ್ಲಕ್ಕೂ ಅದು ಕೇಳುವುದು ಅದೇ 65.

ಎಲೆಕ್ಟ್ರಿಕ್ ಟ್ರಕ್ ಬ್ಯಾಟರಿಯ ಶಕ್ತಿಯಲ್ಲಿ ನೂರಕ್ಕೆ 90ರಷ್ಟನ್ನು ಚಕ್ರಕ್ಕೆ ಕೊಡುತ್ತದೆ. ಹಾಗಾಗಿ 28 ಯೂನಿಟ್ ಇದ್ದ ಖರ್ಚು 72ಕ್ಕೆ ಏರುತ್ತದೆ. ಪೆಟ್ರೋಲ್ ಟ್ರಕ್ 10 ಲೀಟರ್ ಕುಡಿಯುತ್ತಿದ್ದದ್ದು 23 ಲೀಟರ್ ಆಗುತ್ತದೆ. ಡೀಸೆಲ್ ಏಳೂವರೆ ಲೀಟರ್‌ನಿಂದ 17ಕ್ಕೆ ಹೋಗುತ್ತದೆ. ಗಮನಿಸಿದಿರಾ? ಪೆಟ್ರೋಲ್, ಡೀಸೆಲ್ ಟ್ರಕ್‌ಗಳ ಮೈಲೇಜೂ ಅರ್ಧಕ್ಕಿಂತ ಕೆಳಗೇ ಬಿತ್ತು! ಆದರೆ ಎಫ್-150ಗೆ 136 ಲೀಟರ್ ಪೆಟ್ರೋಲ್ ಟ್ಯಾಂಕ್ ಸಿಗುತ್ತದೆ. ಟ್ರೇಲರ್ ಕಟ್ಟಿಕೊಂಡೇ ಅದು ಸುಮಾರು 590 ಕಿ.ಮೀ. ಹೋಗುತ್ತದೆ. ಬಂಕ್‌ನಲ್ಲಿ ಐದು ನಿಮಿಷ ನಿಂತರೆ ಮತ್ತೆ ಅಷ್ಟೇ ದೂರ. ಲೈಟ್ನಿಂಗ್‌ನ 131 ಯೂನಿಟ್ ಬ್ಯಾಟರಿ 180 ಕಿ.ಮೀ.ಗೆ ಬರಿದಾಗುತ್ತದೆ.

ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 8.9 ಯೂನಿಟ್ ಶಕ್ತಿ ಇದೆ. ಅಂದರೆ ಆ ಭಾರೀ ಬ್ಯಾಟರಿಯೊಳಗೆ ಇರುವುದು 15 ಲೀಟರ್ ಪೆಟ್ರೋಲ್‌ನಷ್ಟು ಶಕ್ತಿ. ನಮ್ಮ ಸಣ್ಣ ಕಾರಿನ ಅರ್ಧ ಟ್ಯಾಂಕ್! ಅಷ್ಟರಲ್ಲೇ ಖಾಲಿ ಟ್ರಕ್ 500 ಕಿ.ಮೀ. ಓಡುವುದು ನಿಜವಾದ ಅಚ್ಚರಿ. ಎಳೆಯುವ ತಾಕತ್ತು ಅದಕ್ಕೆ ಬೇಕಾದಷ್ಟಿದೆ. ಕಡಿಮೆ ಇರುವುದು ಜತೆಗೆ ಹೊತ್ತೊಯ್ಯುವ ಶಕ್ತಿ.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಎಲೆಕ್ಟ್ರಿಕ್ ಖರ್ಚು 2.6 ಪಟ್ಟು ಏರಿತು, ಪೆಟ್ರೋಲ್ ಖರ್ಚು 2.3 ಪಟ್ಟು ಮಾತ್ರ. ಕೆಲಸ ಅಷ್ಟೇ ಹೆಚ್ಚಿದರೂ ಪೆಟ್ರೋಲ್ ಎಂಜಿನ್ ಸ್ವಲ್ಪ ಉಳಿಸಿತು ಹೇಗೆ? ಉತ್ತರ ಥ್ರಾಟಲ್ ಎಂಬ ಒಂದು ಪುಟ್ಟ ತಟ್ಟೆಯಲ್ಲಿದೆ.

ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಬೇಕು. ಈ ಅಳತೆ ತಪ್ಪುವಂತಿಲ್ಲ. ತಪ್ಪಿದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಕೆಡುತ್ತದೆ. ಹಾಗಾಗಿ ಪವರ್ ಕಡಿಮೆ ಸಾಕು ಅಂದಾಗ ಪೆಟ್ರೋಲ್ ಒಂದನ್ನೇ ಕಡಿಮೆ ಮಾಡಿದರೆ ಆಗದು, ಗಾಳಿಯನ್ನೂ ಕಡಿಮೆ ಮಾಡಬೇಕು. ಅದಕ್ಕೇ ಗಾಳಿಯ ದಾರಿಗೆ ಥ್ರಾಟಲ್ ಅಡ್ಡ ಬರುತ್ತದೆ. ಎಳನೀರಿನ ಸ್ಟ್ರಾವನ್ನು ಬೆರಳಿನಿಂದ ಅದುಮಿ ಹೀರಿ ನೋಡಿ. ಕೆನ್ನೆ ಒಳಗೆ ಹೋಗುತ್ತದೆ, ಸಿಗುವುದು ಕಡಿಮೆ, ಪಡುವ ಶ್ರಮ ಜಾಸ್ತಿ. ಪಿಸ್ಟನ್ ಪಾಡೂ ಅದೇ. ಪ್ರತಿ ಸಲ ಕೆಳಗೆ ಇಳಿಯುವಾಗಲೂ ಅರೆ ಮುಚ್ಚಿದ ದಾರಿಯಿಂದ ಗಾಳಿ ಎಳೆಯಬೇಕು. ಆ ಶ್ರಮದ ಬೆಲೆಯೂ ಪೆಟ್ರೋಲೇ. ಖಾಲಿ ಪಿಕಪ್ ಹೈವೇಯಲ್ಲಿ ಆರಾಮಾಗಿ ಹೋಗುವಾಗ ಅದರ ದೊಡ್ಡ ಎಂಜಿನ್ ಹೆಚ್ಚಿನ ಹೊತ್ತು ಹೀಗೇ ಏದುಸಿರು ಬಿಡುತ್ತಿರುತ್ತದೆ. ಟ್ರೇಲರ್ ಕಟ್ಟಿದ ಕೂಡಲೇ ಥ್ರಾಟಲ್ ತೆರೆಯುತ್ತದೆ, ಹೀರುವ ಶ್ರಮ ಇಳಿಯುತ್ತದೆ. ಪಿಸ್ಟನ್, ಬೇರಿಂಗ್‌ಗಳ ಘರ್ಷಣೆಗೆ ಹೋಗುತ್ತಿದ್ದ ಖರ್ಚೂ ಕೆಲಸದಷ್ಟು ವೇಗವಾಗಿ ಏರುವುದಿಲ್ಲ. ಹಾಗಾಗಿ ದಕ್ಷತೆ ನೂರಕ್ಕೆ 28 ಇದ್ದದ್ದು 32 ಆಗುತ್ತದೆ. ನಮ್ಮ ಲಾರಿ ಚಾಲಕರಿಗೆ ಇದು ಅನುಭವದಿಂದಲೇ ಗೊತ್ತು. ತೂಕ ಮೂರು ಪಟ್ಟಾದರೂ ಲೋಡ್ ಗಾಡಿಯ ಮೈಲೇಜ್ ಖಾಲಿ ಗಾಡಿಯ ಮೂರನೇ ಒಂದಕ್ಕೆ ಬೀಳುವುದಿಲ್ಲ. ಎಲೆಕ್ಟ್ರಿಕ್ ಟ್ರಕ್‌ಗೆ ಮೊದಲೇ ವ್ಯರ್ಥ ಕಡಿಮೆ. ಉಳಿಸಲು ಏನೂ ಬಾಕಿ ಇಲ್ಲ. ಅದಕ್ಕೇ ಹೊರೆಯೆಲ್ಲ ನೇರವಾಗಿ ಮೀಟರಿನಲ್ಲಿ ಕಾಣುತ್ತದೆ.

ಡೀಸೆಲ್ ಎಂಜಿನ್ ಪವರ್ ಹೊಂದಿಸಲು ಥ್ರಾಟಲ್ ಬಳಸುವುದಿಲ್ಲ. ಗಾಳಿ ಪೂರ್ತಿ ಬರಲಿ, ಡೀಸೆಲ್ ಎಷ್ಟು ಸಿಂಪಡಿಸಬೇಕೋ ಅಷ್ಟೇ ಸಿಂಪಡಿಸಿದರಾಯಿತು. ಗಾಳಿಯನ್ನು ಹದಿನಾರು ಪಟ್ಟು ಅದುಮಿ ಕಾಯಿಸುವುದರಿಂದ ಸ್ಪಾರ್ಕ್ ಪ್ಲಗ್ ಕೂಡ ಬೇಡ. ಪೆಟ್ರೋಲನ್ನು ಅಷ್ಟು ಅದುಮಿದರೆ ಹೊತ್ತಿಗೆ ಮುಂಚೆಯೇ ಸಿಡಿದು ಎಂಜಿನ್ ಹಾಳಾಗುತ್ತದೆ. 1897ರ ಫೆಬ್ರವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ರುಡಾಲ್ಫ್ ಡೀಸೆಲ್‌ರ ಎಂಜಿನ್ ಪರೀಕ್ಷಿಸಿದಾಗ ದಕ್ಷತೆ ನೂರಕ್ಕೆ 26.2 ಎಂದು ಬಂತು. ಸಾಮಾನ್ಯ ಉಗಿ ಯಂತ್ರಗಳು ಹತ್ತರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದ ಕಾಲವದು. ರುಡಾಲ್ಫ್ ಡೀಸೆಲ್‌ರಿಗೆ ಸಣ್ಣ ಕುಶಲಕರ್ಮಿಗಳ ಕೈಗೆ ಒಳ್ಳೆಯ ಎಂಜಿನ್ ಕೊಡುವ ಆಸೆ ಇತ್ತು. 1913ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವರು ಕಾಣೆಯಾದರು. ತಮ್ಮ ಎಂಜಿನ್ ಲಾರಿಗಳನ್ನು ಆಳುವುದನ್ನು ನೋಡಲಿಲ್ಲ.

ಉದ್ದನೆಯ ಏರಿನಲ್ಲಿ ಡೀಸೆಲ್ ಇನ್ನೂ ಒಂದು ಕೈ ಮೇಲು. ಟರ್ಬೊ ಪೆಟ್ರೋಲ್ ಎಂಜಿನ್ ಬಹಳ ಹೊತ್ತು ಪೂರ್ತಿ ದುಡಿದರೆ ಬಿಸಿ ತಡೆಯಲು ಹೆಚ್ಚುವರಿ ಪೆಟ್ರೋಲ್ ಸುರಿದುಕೊಳ್ಳಬೇಕಾಗುತ್ತದೆ. ಡೀಸೆಲ್‌ಗೆ ಆ ಕಾಟವಿಲ್ಲ. ಆದರೆ ಇಳಿಜಾರಿನಲ್ಲಿ ಕಥೆ ತಿರುಗುತ್ತದೆ. ಥ್ರಾಟಲ್ ಅಡ್ಡ ಇಲ್ಲದ್ದರಿಂದ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಎಂಜಿನ್ ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅದಕ್ಕೇ ಹೊಗೆಯ ದಾರಿ ಅದುಮುವ ಎಕ್ಸಾಸ್ಟ್ ಬ್ರೇಕ್ ಬೇಕು. ಶಿರಾಡಿ ಘಾಟಿ ಇಳಿಯುವ ನಮ್ಮ ಲಾರಿಗಳಲ್ಲೂ ಇದೇ ಉಪಾಯ. ಎಲೆಕ್ಟ್ರಿಕ್‌ನಲ್ಲಿ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಹಿಡಿಯುತ್ತದೆ. ಹತ್ತುವಾಗ ಹೋದ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ.

ದುಃಖದ ಮಾತೆಂದರೆ, ಗ್ರಾಹಕನಿಗೆ ಈ ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಎಳೆಯುವ ಸಾಮರ್ಥ್ಯ ಅಳೆಯಲು ಅಮೆರಿಕದಲ್ಲಿ ಜೆ2807 ಎಂಬ ಮಾನದಂಡ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನ ಸುಮಾರು 18 ಕಿ.ಮೀ.ಯನ್ನು ಬೇಸಿಗೆಯ ಬಿಸಿಯಲ್ಲಿ, ಎ.ಸಿ. ಪೂರ್ತಿ ಹಾಕಿ, ಸಾಮಾನ್ಯ ಪಿಕಪ್ ಗಂಟೆಗೆ 40 ಮೈಲಿಗಿಂತ ನಿಧಾನವಾಗದೆ ಹತ್ತಬೇಕು. ಒಳ್ಳೆಯ ಪರೀಕ್ಷೆ. ಆದರೆ ಎಷ್ಟು ಇಂಧನ ಹೋಯಿತು ಎಂದು ಅದು ಹೇಳುವುದಿಲ್ಲ. ಸರಕಾರದ ಮೈಲೇಜ್ ಪರೀಕ್ಷೆಯಲ್ಲಿ ಟ್ರೇಲರ್ ಇರುವುದೇ ಇಲ್ಲ. ಎಲ್ಲಕ್ಕಿಂತ ಜಾಸ್ತಿ ಎಳೆಯುವ ರಾಮ್ 2500, 3500ರಂಥ ಹೆವಿ ಡ್ಯೂಟಿ ಪಿಕಪ್‌ಗಳ ಸ್ಟಿಕ್ಕರ್ ಮೇಲೆ ಮೈಲೇಜ್ ಅಂಕಿಯೇ ಇರುವುದಿಲ್ಲ. ಅವು ತೂಕದ ಮಿತಿ ಮೀರುವುದರಿಂದ ಆ ನಿಯಮಕ್ಕೆ ಬರುವುದಿಲ್ಲ. ಅಂಕಿ ಬೇಕಾದ ಕಡೆಯೇ ಅಂಕಿ ಇಲ್ಲದಿದ್ದರೆ ಜನ ಊಹೆಯನ್ನೇ ನಂಬುತ್ತಾರೆ, ಅಲ್ವಾ?

ಎಲೆಕ್ಟ್ರಿಕ್ ಟ್ರಕ್ ಇದ್ದವರಿಗೆ ತಕ್ಷಣ ಸಿಗುವ ಪರಿಹಾರ ವೇಗ ಇಳಿಸುವುದು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 100ರಿಂದ 80ಕ್ಕೆ ಇಳಿದರೆ ತಡೆ ಮೂರನೇ ಒಂದಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ ಗಂಟೆಗೆ 55 ಮೈಲಿ. ಬ್ಯಾಟರಿ ದೊಡ್ಡದು ಮಾಡುವುದು ಇನ್ನೊಂದು ದಾರಿ. ಷೆವ್ರೊಲೆ ಸಿಲ್ವರಾಡೊ ಎಲೆಕ್ಟ್ರಿಕ್‌ನಲ್ಲಿ 200 ಯೂನಿಟ್ ದಾಟಿದ ಬ್ಯಾಟರಿ ಸಿಗುತ್ತದೆ. ಆದರೆ ಟ್ರಕ್‌ನ ತೂಕವೇ ಮೂರೂವರೆ ಟನ್ ಮೀರುತ್ತದೆ. ವರ್ಷಕ್ಕೆ ಎರಡು ಸಲ ಎಳೆಯುವ ಟ್ರೇಲರ್‌ಗಾಗಿ ದಿನವೂ ಅಷ್ಟು ಬ್ಯಾಟರಿ ಹೊರುವುದು ನನಗೆ ಸರಿ ಕಾಣುವುದಿಲ್ಲ.

ನನಗೆ ಹಿಡಿಸಿದ್ದು ಮೂರನೆಯ ದಾರಿ. 2023ರ ನವೆಂಬರ್‌ನಲ್ಲಿ ರಾಮ್ ಕಂಪನಿ ಒಂದು ವಿನ್ಯಾಸ ಪ್ರಕಟಿಸಿತು. 92 ಯೂನಿಟ್ ಬ್ಯಾಟರಿ, ಜತೆಗೆ 3.6 ಲೀಟರ್ ಪೆಟ್ರೋಲ್ ಎಂಜಿನ್. ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ಅದು 130 ಕಿಲೊವ್ಯಾಟ್ ಜನರೇಟರ್ ತಿರುಗಿಸುತ್ತದೆ ಅಷ್ಟೇ. ಚಕ್ರದ ಜತೆ ಕಟ್ಟಿಲ್ಲದ ಎಂಜಿನ್‌ಗೆ ತನಗೆ ಹಿತವಾದ ವೇಗದಲ್ಲಿ, ಥ್ರಾಟಲ್ ಚೆನ್ನಾಗಿ ತೆರೆದುಕೊಂಡು ದುಡಿಯಲು ಬಿಡುವಿದೆ. ನಮ್ಮ ಪೆಟ್ಟಿಗೆ ಟ್ರೇಲರ್ ಕಟ್ಟಿದ ಎಲೆಕ್ಟ್ರಿಕ್ ಟ್ರಕ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ಕೇಳುವುದು ಸುಮಾರು 72 ಕಿಲೊವ್ಯಾಟ್. ಜನರೇಟರ್ ಅದನ್ನು ಪೆಟ್ರೋಲ್ ಇರುವ ತನಕ ಕೊಡುತ್ತಲೇ ಇರಬಹುದು. ಡೇವಿಸ್ ಡ್ಯಾಮ್‌ನಂಥ ಏರು ಬಂದಾಗ ಹೆಚ್ಚುವರಿ ಪವರ್ ಬ್ಯಾಟರಿಯದ್ದು, ಆಚೆ ಇಳಿಜಾರಿನಲ್ಲಿ ಅದರ ಒಂದು ಪಾಲು ವಾಪಸ್.