ವೀಣೆ ಕೆಳಗಿಟ್ಟ ಮೇಲೂ ನಡೆಯುವ ಪಾಠ

ಬೆಂಗಳೂರಿನ ಬಸವನಗುಡಿಯಲ್ಲಿ ಸಂಜೆ ಹೊತ್ತು ವೀಣೆ ಪಾಠಕ್ಕೆ ಹೋಗುತ್ತೇನೆ. ಸ್ವರಗಳನ್ನು ಜೋಡಿ ಜೋಡಿಯಾಗಿ ನುಡಿಸುವ ಜಂಟಿ ವರಸೆಯನ್ನು ಮೂರನೇ ಕಾಲದ ವೇಗದಲ್ಲಿ ನುಡಿಸುವಾಗ ಎಡಗೈ ತೋರುಬೆರಳು ಪ್ರತಿ ಸಲ ಒಂದು ಮೆಟ್ಟಿಲು ಆಚೆಗೇ ಹೋಗುತ್ತಿತ್ತು. ತಂತಿ ಒತ್ತಿ ಒತ್ತಿ ಬೆರಳ ತುದಿಯಲ್ಲಿ ಕಪ್ಪು ಗೆರೆ ಬಿದ್ದಿತ್ತು. "ಸಾಕು ಬಿಡಿ, ನಾಳೆ ಕೈ ತಾನಾಗೇ ಕೂರತ್ತೆ" ಅಂದರು ಟೀಚರ್. ಮರುದಿನ ಬೆಳಿಗ್ಗೆ ಕಾಫಿಗೂ ಮುಂಚೆ ಕೂತು ನುಡಿಸಿದೆ. ನಿಜವಾಗಿಯೂ ಕೂತಿತು! ನಡುವೆ ನಾನು ಮಾಡಿದ್ದು ಊಟ, ನಿದ್ದೆ ಅಷ್ಟೇ.

ಆ ನಡುವಿನ ಹೊತ್ತಿನಲ್ಲಿ ಮೆದುಳಲ್ಲಿ ಏನು ನಡೆಯುತ್ತದೆ? ಇದು ಹಳೆಯ ಪ್ರಶ್ನೆ. 1900ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞರಾದ ಮ್ಯುಲ್ಲರ್ ಮತ್ತು ಪಿಲ್ಜೆಕರ್ ಜನರಿಗೆ ಅರ್ಥವಿಲ್ಲದ ಪದಗಳನ್ನು ಬಾಯಿಪಾಠ ಮಾಡಿಸಿದರು. ಬೆನ್ನಿಗೇ ಇನ್ನೊಂದು ಪಟ್ಟಿ ಕಲಿಸಿದರೆ ಮೊದಲಿನದು ಜಾಸ್ತಿ ಮರೆತುಹೋಗುತ್ತಿತ್ತು. ಹಸಿ ಗಾರೆಯ ಹಾಗೆ, ಹೊಸ ನೆನಪು ಗಟ್ಟಿಯಾಗಲು ಹೊತ್ತು ಬೇಕು ಎಂಬ ವಿಚಾರ ಬಂದದ್ದು ಅಲ್ಲಿಂದ.

ಅದು ಮಾತಿನ ನೆನಪು. ಕೈಯ ನೆನಪೇ ಬೇರೆ ಎಂದು ತೋರಿಸಿಕೊಟ್ಟವರು ಅಮೆರಿಕದ ಹೆನ್ರಿ ಮೊಲೈಸನ್. ಅವರ ಕಥೆ ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಮೂರ್ಛೆರೋಗ ತಡೆಯಲೆಂದು 1953ರಲ್ಲಿ ಅವರ ಮೆದುಳಿನ ಎರಡೂ ಬದಿಯಿಂದ ಹೊಸ ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗವನ್ನು ತೆಗೆದರು. ಆಮೇಲೆ ಹೊಸದೇನೂ ಅವರ ನೆನಪಲ್ಲಿ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೈಸನ್‌ಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಕೊಟ್ಟರು. ಮೂರು ದಿನದಲ್ಲಿ ತಪ್ಪುಗಳು ಕಡಿಮೆಯಾಗುತ್ತಾ ಬಂದವು. ಆದರೆ ಹಿಂದಿನ ದಿನ ಇದನ್ನೇ ಮಾಡಿದ್ದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

1997ರಲ್ಲಿ ಶಾದ್‌ಮೆಹರ್ ಮತ್ತು ಹೋಲ್ಕಂಬ್, ಕೈಯ ಹೊಸ ಕೆಲಸವೊಂದನ್ನು ಕಲಿತವರ ಮೆದುಳನ್ನು ಸುಮಾರು ಆರು ಗಂಟೆ ಬಿಟ್ಟು ಮತ್ತೆ ನೋಡಿದರು. ನಡುವೆ ಅಭ್ಯಾಸವೇ ಇರಲಿಲ್ಲ. ಆದರೂ ಕೆಲಸ ಮೆದುಳಿನ ಮುಂಭಾಗದಿಂದ ಕಿರುಮೆದುಳು ಮತ್ತಿತರ ಭಾಗಗಳಿಗೆ ದಾಟಿತ್ತು.

ನಿದ್ದೆಯ ವಿಷಯದಲ್ಲಿ ಹೆಸರಾದ ಪ್ರಯೋಗವೊಂದು 2002ರದ್ದು. ಮ್ಯಾಥ್ಯೂ ವಾಕರ್ ತಂಡ ಎಡಗೈ ಬೆರಳುಗಳಿಂದ 4-1-3-2-4 ಎಂಬ ಕ್ರಮದಲ್ಲಿ ಕೀಬೋರ್ಡ್‌ನ ಕೀಲಿ ಒತ್ತಿಸಿತು. ಒಂದು ರಾತ್ರಿ ನಿದ್ದೆಯಾದ ಮೇಲೆ ವೇಗ ಸುಮಾರು 20% ಏರಿತ್ತು. ಹಗಲೆಲ್ಲ ಎಚ್ಚರವಿದ್ದಾಗ ಅಷ್ಟು ಏರಲಿಲ್ಲ. ಕೆಲವರು ಇದನ್ನು ಒಪ್ಪಲಿಲ್ಲ. ಅಭ್ಯಾಸದ ಕೊನೆಗೆ ಬೆರಳು ಸೋತಿರುತ್ತದೆ, ದಣಿವು ಆರಿದ್ದೇ ಲಾಭದ ಹಾಗೆ ಕಾಣುತ್ತದೆ ಅಂದರು. ಈ ಮಾತಲ್ಲೂ ಹುರುಳಿದೆ ಅಂತ ನನಗೆ ಅನ್ನಿಸುತ್ತದೆ.

2019ರ ಪ್ರಯೋಗವೊಂದರಲ್ಲಿ ಹತ್ತು ಸೆಕೆಂಡು ಒತ್ತುವುದು, ಹತ್ತು ಸೆಕೆಂಡು ಬಿಡುವು. ಶುರುವಿನ ಸುಧಾರಣೆ ಕಂಡದ್ದು ಆ ಬಿಡುವಿನಲ್ಲೇ. ಇದರ ಮೇಲೂ ಈಗ ಚರ್ಚೆ ನಡೆದಿದೆ. ನಮ್ಮ ಟೀಚರ್ ಮಾತ್ರ ಮೊದಲಿನಿಂದಲೂ ಒಂದೊಂದು ಸಾಲು ಮುಗಿದಾಗ ತಂತಿಯಿಂದ ಕೈ ತೆಗೆಸುತ್ತಾರೆ.