ಕೊನೆಯ ಇಪ್ಪತ್ತು ಅಡಿ

ಸಾಗರದ ಹತ್ತಿರದ ನಮ್ಮ ಊರಿನ ಮನೆಗೆ ಫೈಬರ್ ಬಂದ ದಿನ ಹಬ್ಬದ ಹಾಗಿತ್ತು. ಕಂಬದಿಂದ ಕಂಬಕ್ಕೆ ಜೋತು, ಅಡಿಕೆ ತೋಟದ ಅಂಚು ಹಿಡಿದು, ಕರಿ ಎಳೆಯೊಂದು ಜಗಲಿಯ ಕಿಟಕಿಯವರೆಗೆ ಬಂತು. ಹಾಕಲು ಬಂದ ಹುಡುಗ ಕಿಟಕಿಯ ದಾರಂದದ ಪಕ್ಕ ತೂತು ಕೊರೆದು, ಟಿವಿಯ ಹಿಂದೆ ಮೊಳೆ ಹೊಡೆದು ರೌಟರ್ ನೇತುಹಾಕಿದ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಮುಂದಿನ ಮನೆಗೆ ಹೊರಟ. ಜಗಲಿಯಲ್ಲಿ ಕೂತು ಅಳೆದರೆ ಸೆಕೆಂಡಿಗೆ 190 ಮೆಗಾಬಿಟ್. ಸಂಜೆ ಅಣ್ಣನ ಮಗಳು ಹಿತ್ತಲ ಕಡೆಯ ಕೋಣೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ತೆರೆದಳು. ಅಲ್ಲಿ 3 ಕೂಡ ಇಲ್ಲ. ಮೇಷ್ಟ್ರ ಮುಖ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಮನೆಯವರೆಲ್ಲ ಸೇರಿ "ನೆಟ್ಟೇ ಸರಿ ಇಲ್ಲ" ಎಂದು ತೀರ್ಮಾನಿಸಿದರು.

ನೆಟ್ ಸರಿಯಾಗಿಯೇ ಇತ್ತು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ನಮ್ಮ ಊರಿನಷ್ಟು ದೂರವನ್ನು ಅದು ಸುಮಾರು 2 ಮಿಲಿಸೆಕೆಂಡಿನಲ್ಲಿ ಮುಗಿಸಬಲ್ಲದು. ಘಟ್ಟ, ಕಾಡು, ಮಳೆ ಎಲ್ಲ ದಾಟಿ ಬಂದ ಮಾಹಿತಿ ಸೋತದ್ದು ಟಿವಿಯಿಂದ ಹಿತ್ತಲ ಕೋಣೆಗಿದ್ದ ಇಪ್ಪತ್ತು ಅಡಿಯಲ್ಲಿ. ಆ ಇಪ್ಪತ್ತು ಅಡಿಯನ್ನು ಸರಿಮಾಡಲು ಯಾರಿಗೂ ಫೋನ್ ಮಾಡಿ ಕಾಯಬೇಕಾಗಿಲ್ಲ, ಅದು ಪೂರ್ತಿ ನಮ್ಮ ಕೈಯಲ್ಲಿದೆ. ಇದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ರೌಟರ್ ಎಂದರೆ ಒಂದು ಪುಟ್ಟ ರೇಡಿಯೊ ಕೇಂದ್ರ. ಅದರ ಅಲೆಗಳು ಎರಡು ಬಗೆ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. 5 ಗಿಗಾಹರ್ಟ್ಸ್‌ನದು ಮೂರು ಬೆರಳಿನ ಅಗಲ. ಎರಡೂ ಬೆಳಕಿನ ಜಾತಿಯವೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹಾಗಾಗಿ ರೌಟರ್ ಇಡುವಾಗ ಕೈಯಲ್ಲಿ ಲಾಟೀನು ಹಿಡಿದುಕೊಂಡಂತೆ ಯೋಚಿಸಬೇಕು. ಇಡೀ ಮನೆಗೆ ಒಂದೇ ಲಾಟೀನು ಇದ್ದರೆ ಯಾರೂ ಅದನ್ನು ಟಿವಿಯ ಹಿಂದೆ ನೇತುಹಾಕುವುದಿಲ್ಲ. ಮನೆಯ ನಟ್ಟನಡುವೆ, ಎತ್ತರದಲ್ಲಿ, ಎದುರಿಗೆ ಏನೂ ಅಡ್ಡ ಬಾರದ ಕಡೆ ಇಡುತ್ತಾರೆ.

ಈ ಬೆಳಕಿಗೆ ಗೋಡೆಗಳು ಅರೆಪಾರದರ್ಶಕ. ಮರದ ಬಾಗಿಲು, ಹಂಚು, ತೆಳು ಪ್ಲೈವುಡ್ ಅಷ್ಟಾಗಿ ತಡೆಯುವುದಿಲ್ಲ. ಇಟ್ಟಿಗೆ ಗೋಡೆ ಒಂದಿಷ್ಟು ನುಂಗುತ್ತದೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಸ್ಲ್ಯಾಬ್ ಬಹಳ ನುಂಗುತ್ತದೆ. ಕಬ್ಬಿಣದ ಬೀರು ಪೂರ್ತಿ ತಿರುಗಿಸಿ ಕಳಿಸಿಬಿಡುತ್ತದೆ. ಕನ್ನಡಿಯ ಹಿಂದೆ ಲೋಹದ ಲೇಪ ಇರುವುದರಿಂದ ಅದೂ ಹಾಗೆಯೇ. ನಮ್ಮ ಮನೆಯ ಗೋಡೆಗಳು ಅಜ್ಜನ ಕಾಲದವು, ಒಂದೂವರೆ ಅಡಿ ದಪ್ಪದ ಮಣ್ಣಿನವು. ಜಗಲಿಯಿಂದ ಹಿತ್ತಲ ಕೋಣೆಗೆ ಹೋಗಲು ಅಂಥ ಎರಡು ಗೋಡೆ ದಾಟಬೇಕು, ಜೊತೆಗೆ ಮೊದಲನೆಯದಕ್ಕೆ ಒರಗಿಸಿಟ್ಟ ಅಮ್ಮನ ಬೀರು. ಮಲೆನಾಡಿನ ಮಳೆಗಾಲದಲ್ಲಿ ಈ ಗೋಡೆಗಳು ತೇವ ಹೀರಿ ಕೂರುತ್ತವೆ. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ. ಅಲೆ ಹಾಯುವಾಗಲೆಲ್ಲ ಅದು ಅತ್ತಿಂದಿತ್ತ ಹೊರಳಲು ಹೋಗಿ ಅಲೆಯ ಶಕ್ತಿಯನ್ನು ಕಾವಾಗಿ ಮಾಡಿಕೊಳ್ಳುತ್ತದೆ. ಅಡುಗೆಮನೆಯ ಮೈಕ್ರೋವೇವ್ ಅನ್ನ ಬಿಸಿಮಾಡುವುದು ಇದೇ ರೀತಿ. ಅದರ ಕಂಪನಾಂಕವೂ 2.45 ಗಿಗಾಹರ್ಟ್ಸ್, ಹಾಗಾಗಿಯೇ ಹಳೆಯ ಮೈಕ್ರೋವೇವ್ ಹಚ್ಚಿದಾಗ ಪಕ್ಕದಲ್ಲಿದ್ದ ವೈಫೈ ಕುಂಟುತ್ತದೆ. ನಮ್ಮ ಮೈಯಲ್ಲೂ ನೀರು ತುಂಬಿದೆ. ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ನೆಂಟರು ನೆರೆದಾಗ ಸಿಗ್ನಲ್ ಇಳಿಯುವುದಕ್ಕೆ ಜನ ಒಟ್ಟಿಗೆ ಬಳಸುವುದು ಒಂದು ಕಾರಣವಾದರೆ, ಜನರೇ ಅಡ್ಡ ನಿಲ್ಲುವುದು ಇನ್ನೊಂದು.

ಅಲೆ ಗೋಡೆ ದಾಟುವುದೇ ಒಂದು ಅಚ್ಚರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. 1890ರ ದಶಕದ ನಡುವೆ ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಇದನ್ನೇ ಜನರ ಕಣ್ಣೆದುರು ಮಾಡಿ ತೋರಿಸಿದರು. ಗೋಡೆಯ ಈಚೆ ಹುಟ್ಟಿಸಿದ ಅಲೆಯಿಂದ ಆಚೆ ಗಂಟೆ ಬಾರಿಸಿದರು, ಮದ್ದಿನ ಪುಡಿ ಹೊತ್ತಿಸಿದರು. ಅವರು ತಮ್ಮ ಪ್ರಯೋಗಗಳಲ್ಲಿ ಮಿಲಿಮೀಟರ್‌ಗಳಲ್ಲಿ ಅಳೆಯುವಷ್ಟು ಪುಟ್ಟ ಅಲೆಗಳವರೆಗೂ ಹೋಗಿದ್ದರು, ಇಂದಿನ ವೈಫೈಗಿಂತಲೂ ಗಿಡ್ಡ.

ಸಿಗ್ನಲ್ ಎಷ್ಟು ಕ್ಷೀಣವಾಗಿ ತಲುಪುತ್ತದೆ ಎನ್ನುವುದನ್ನೂ ನೋಡಬೇಕು. ವೈಫೈ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು ಮನೆಯೊಳಗೆ ನಡೆದಾಡಿದರೆ ಮೈನಸ್ 45, ಮೈನಸ್ 70 ಎಂಬಂಥ ಅಂಕಿಗಳು ಕಾಣುತ್ತವೆ. ಇದು ಡಿಬಿಎಂ ಎಂಬ ಅಳತೆ. 3 ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತನೇ ಒಂದಾಯಿತು. ಸಾಮಾನ್ಯ ರೌಟರ್ ಹೊರಡಿಸುವುದು ಸುಮಾರು 100 ಮಿಲಿವಾಟ್, ಅಂದರೆ ಪ್ಲಸ್ 20. ಮೈನಸ್ 70 ಎಂದರೆ ಹೊರಟದ್ದರ ನೂರು ಕೋಟಿಯಲ್ಲಿ ಒಂದು ಭಾಗ ತಲುಪಿದೆ ಎಂದರ್ಥ. ಅಷ್ಟರಲ್ಲೇ ಫೋನ್ ಮಾತು ಬಿಡಿಸಿಕೊಳ್ಳುತ್ತದೆ! ಮೈನಸ್ 65ರೊಳಗೆ ಇದ್ದರೆ ನಿಶ್ಚಿಂತೆ, ಮೈನಸ್ 80 ದಾಟಿದರೆ ಮುಖ ಒಡೆಯುತ್ತದೆ. ನಮ್ಮ ಹಿತ್ತಲ ಕೋಣೆಯಲ್ಲಿ ಮೈನಸ್ 84 ಇತ್ತು.

ಆಂಟೆನಾದ ವಿಷಯ. ನೆಟ್ಟಗೆ ನಿಂತ ಕಡ್ಡಿಯ ಸುತ್ತ ಅಲೆ ಹರಡುವ ಆಕಾರ ಉದ್ದಿನ ವಡೆಯದು, ಕಡ್ಡಿ ಅದರ ತೂತಿನಲ್ಲಿ ಪೋಣಿಸಿದಂತೆ ಇರುತ್ತದೆ. ಸುತ್ತಲೂ ಧಾರಾಳ, ತಲೆಯ ಮೇಲೆ ಮತ್ತು ಕೆಳಗೆ ಬಹಳ ಕಡಿಮೆ. ಒಂದೇ ಅಂತಸ್ತಿನ ಮನೆಯಾದರೆ ಎಲ್ಲ ಕಡ್ಡಿಗಳನ್ನೂ ನೆಟ್ಟಗೆ ನಿಲ್ಲಿಸಿ. ಮೇಲಿನ ಮಹಡಿಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ. ಬೇಕಾಬಿಟ್ಟಿ ದಿಕ್ಕಿಗೆ ತಿರುಚಿದ ಕಡ್ಡಿಗಳನ್ನು ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ಸರಿಪಡಿಸಲು ಹೋಗುತ್ತದೆ.

ನಮ್ಮ ಮನೆಯ ಪರಿಹಾರ ಹೀಗಾಯಿತು. ಫೈಬರಿನ ಡಬ್ಬಿ, ಅಂದರೆ ಆ ಹುಡುಗ ನೇತುಹಾಕಿದ ಮೊದಲ ರೌಟರ್, ಜಗಲಿಯಲ್ಲೇ ಉಳಿಯಿತು. ಅದರಿಂದ 15 ಮೀಟರ್ ನೆಟ್‌ವರ್ಕ್ ವೈರನ್ನು ಮಾಡಿನ ತೊಲೆಯ ಗುಂಟ ಎಳೆದು, ನಡುಮನೆಯ ನಾಗಂದಿಗೆಯ ಮೇಲೆ ಇನ್ನೊಂದು ರೌಟರ್ ಇಟ್ಟೆ. ಇಲ್ಲಿ ಒಂದು ಎಚ್ಚರ ಬೇಕು. ಮನೆಗೆ ಬರುವ ಪ್ರತಿ ಫೋನಿಗೂ ರೌಟರ್ ಒಂದು ಒಳವಿಳಾಸ ಕೊಡುತ್ತದೆ, 192.168ರಿಂದ ಶುರುವಾಗುವಂಥದ್ದು. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಇರುವುದರಿಂದ, ಒಂದು ಮನೆಗೆ ಒಂದೇ ಹೊರವಿಳಾಸ, ಒಳಗಿನವರಿಗೆ ಹಂಚಿಕೊಂಡ ಒಳವಿಳಾಸ ಎಂಬ ಏರ್ಪಾಡು ಬಂತು. ಎರಡು ರೌಟರ್‌ಗಳೂ ತಾವೇ ಯಜಮಾನರೆಂದು ವಿಳಾಸ ಹಂಚಲು ಹೊರಟರೆ ಒಂದು ಕೋಣೆಯ ಫೋನಿಗೆ ಇನ್ನೊಂದು ಕೋಣೆಯ ಪ್ರಿಂಟರ್ ಕಾಣದು. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆಗೆ ಹಾಕಿದರೆ ಹಂಚುವ ಕೆಲಸ ಮೊದಲನೆಯದಕ್ಕೇ ಉಳಿಯುತ್ತದೆ.

ವೈರು ಎಳೆಯುವ ರಗಳೆ ಬೇಡವೆಂದು ಅಗ್ಗದ ರಿಪೀಟರ್ ತರುವವರು ಬಹಳ ಜನ. ಅದರಲ್ಲಿ ಒಂದೇ ರೇಡಿಯೊ ಇದ್ದರೆ ಕೇಳಿದ್ದನ್ನೇ ಮತ್ತೆ ಹೇಳಬೇಕು, ಕೇಳುವಾಗ ಹೇಳಲಾಗದು, ಹೀಗಾಗಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಒಂದು ದಿನದ ರಗಳೆ ಪಟ್ಟು ವೈರು ಎಳೆಯುವುದೇ ಮೇಲು.

ವೈರು ಎಳೆದ ಮೇಲೂ ಒಂದು ಸಂಕಟ ಕಾದಿತ್ತು. ನಡುಮನೆಯಲ್ಲಿ ಎಷ್ಟು ಸಲ ಅಳೆದರೂ 94ರ ಆಸುಪಾಸು, ಮೇಲೇರುವುದೇ ಇಲ್ಲ. ಆ 94 ಎಂಬ ಅಂಕಿಯೇ ಸುಳಿವು ಕೊಟ್ಟಿತು. ನೆಟ್‌ವರ್ಕ್ ವೈರಿನೊಳಗೆ ಜೋಡಿಜೋಡಿಯಾಗಿ ಹೊಸೆದ ಎಂಟು ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಒಂದು ಕೈಕೊಟ್ಟರೆ ಉಪಕರಣಗಳು ಸದ್ದಿಲ್ಲದೆ ನಾಲ್ಕೇ ತಂತಿಯ 100 ಮೆಗಾಬಿಟ್‌ಗೆ ಇಳಿಯಬಹುದು, ಲೆಕ್ಕಪತ್ರದ ಹೊರೆ ಕಳೆದು ಕೈಗೆ ಸಿಗುವುದು ಸುಮಾರು 94. ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಬಣ್ಣದ ತಂತಿ ಒಂದು ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಕತ್ತರಿಸಿ, ಮತ್ತೆ ಜೋಡಿಸಿ ಒತ್ತಿದ ಮೇಲೆ 190 ಮರಳಿತು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಷ್ಟವೇ ಬೇರೆ. ಅಲ್ಲಿ ಗೋಡೆಗಿಂತ ನೆರೆಹೊರೆ ದೊಡ್ಡ ಅಡ್ಡಿ. ನನ್ನ ಫ್ಲ್ಯಾಟಿನಲ್ಲಿ ಫೋನ್ ತೆರೆದರೆ ಮೂವತ್ತಕ್ಕೂ ಹೆಚ್ಚು ವೈಫೈ ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನ ಈ ಬಯಲನ್ನು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಿತು, ಆದ್ದರಿಂದಲೇ ಯಾರ ಅನುಮತಿಯೂ ಇಲ್ಲದೆ ನಾವೆಲ್ಲ ಮನೆಯಲ್ಲಿ ಪ್ರಸಾರ ಮಾಡುತ್ತಿದ್ದೇವೆ. ಗೋಮಾಳದ ಹಾಗೆ, ಎಲ್ಲರ ದನವೂ ಅಲ್ಲೇ ಮೇಯಬೇಕು. ಅದರಲ್ಲಿ 13 ಚಾನೆಲ್ ಇದ್ದರೂ ಪಕ್ಕಪಕ್ಕದವು ಒಂದರ ಮೇಲೊಂದು ಹಾಸಿಕೊಂಡಿವೆ. ತಗಲದಂತೆ ಬಳಸಬಹುದಾದವು ಮೂರೇ: 1, 6, 11.

ಎಲ್ಲರೂ ಈ ಮೂರರಲ್ಲೇ ನೂಕಾಡುತ್ತಿದ್ದಾರೆ, ನಾನು 3ಕ್ಕೆ ಹೋಗುತ್ತೇನೆ ಎಂದುಕೊಳ್ಳುವುದು ಸಹಜ. ಆದರೆ ವೈಫೈ ಮಾತಾಡುವ ಮೊದಲು ಕಿವಿಗೊಡುತ್ತದೆ. ಅದೇ ಚಾನೆಲ್‌ನಲ್ಲಿ ಬೇರೆಯವರು ಮಾತಾಡುತ್ತಿದ್ದರೆ ತಾನು ಸುಮ್ಮನಿದ್ದು, ಅವರು ಮುಗಿಸಿದ ಮೇಲೆ ಇನ್ನೊಂದು ಕ್ಷಣ ಕಾದು ಬಾಯಿ ತೆರೆಯುತ್ತದೆ. ಒಂದೇ ಚಾನೆಲ್ಲಿನ ಇಬ್ಬರು ನೆರೆಯವರು ಹೀಗೆ ಸರದಿ ಪಾಲಿಸಬಲ್ಲರು. 3ರಲ್ಲಿ ಕೂತವನ ಮಾತು 1ರವರಿಗೂ 6ರವರಿಗೂ ಬರೀ ಗದ್ದಲ. ಅವರು ಅದಕ್ಕೆ ಸರದಿ ಬಿಡುವುದಿಲ್ಲ, ಇವನ ಮೇಲೂ ಅವರ ಗದ್ದಲ ಬೀಳುತ್ತದೆ. ಹಾಗಾಗಿ 1, 6, 11ರ ಪೈಕಿ ನೆರೆಯವರ ಸಿಗ್ನಲ್ ಕಡಿಮೆ ಕಾಣುವುದನ್ನು ಆರಿಸಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ನಲ್ಲೇ ಇಡಿ. ಟಿವಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ. ಅಲ್ಲಿ ಜಾಗ ಹೆಚ್ಚು, ಗೋಡೆ ದಾಟಲು ಕಷ್ಟಪಡುವುದರಿಂದ ಪಕ್ಕದ ಮನೆಯ ಗದ್ದಲವೂ ಕಡಿಮೆ. ಸರದಿಯ ಪದ್ಧತಿಗೆ ಇನ್ನೊಂದು ಪರಿಣಾಮವಿದೆ. ದೂರದ ಮೂಲೆಯಲ್ಲಿ ಕುಂಟುತ್ತಿರುವ ಒಂದು ಫೋನ್ ಅಷ್ಟೇ ಮಾತನ್ನು ನಿಧಾನವಾಗಿ ಹೇಳುತ್ತಾ ಗಾಳಿಯನ್ನು ಹೆಚ್ಚು ಹೊತ್ತು ಹಿಡಿದಿರುತ್ತದೆ, ಹತ್ತಿರದವರೂ ಅದಕ್ಕಾಗಿ ಕಾಯುತ್ತಾರೆ. ಹಿತ್ತಲ ಕೋಣೆಗೆ ಸಿಗ್ನಲ್ ಸರಿಮಾಡಿದರೆ ಜಗಲಿಯ ವೇಗವೂ ಸುಧಾರಿಸುವುದು ಇದರಿಂದಲೇ.

ಇನ್ನು ಬೀಗದ ಮಾತು. ರೌಟರಿಗೆ ಎರಡು ಪಾಸ್‌ವರ್ಡ್ ಇರುತ್ತವೆ. ನೆಂಟರು ಕೇಳುವುದು ವೈಫೈನದು. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಒತ್ತಿದಾಗ ಅದು ಕೇಳುವುದು ಯಜಮಾನಿಕೆಯ ಪಾಸ್‌ವರ್ಡ್. ಎಷ್ಟೋ ಮನೆಗಳಲ್ಲಿ ಈ ಎರಡನೆಯದು ಕಾರ್ಖಾನೆಯಿಂದ ಬಂದ "ಅಡ್ಮಿನ್" ಆಗಿಯೇ ಉಳಿದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಕೇಡಿನ ಪ್ರೋಗ್ರಾಂ ಇಂಥ ಕಾರ್ಖಾನೆ ಪಾಸ್‌ವರ್ಡ್‌ಗಳ ಸಣ್ಣ ಪಟ್ಟಿಯೊಂದನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ಕೈವಶ ಮಾಡಿಕೊಂಡಿತು. ಆ ಅಕ್ಟೋಬರ್ 21ರಂದು ಅವುಗಳ ಮೂಲಕ ನಡೆದ ದಾಳಿಗೆ ಅಮೆರಿಕದಲ್ಲಿ ಹಲವು ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದಾದವು. ಯಾರದೋ ಮನೆಯ ಮೂಲೆಯಲ್ಲಿ ಮಿಣುಕುತ್ತಿದ್ದ ಡಬ್ಬಿಗಳು, ಮನೆಯವರಿಗೆ ಗೊತ್ತೇ ಇಲ್ಲ. ಮೊದಲ ದಿನವೇ ಎರಡನ್ನೂ ಬದಲಿಸಿ. ಭದ್ರತೆಗೆ ಡಬ್ಲ್ಯೂಪಿಎ3, ಹಳೆಯ ಫೋನುಗಳಿದ್ದರೆ ಡಬ್ಲ್ಯೂಪಿಎ2 ಆರಿಸಿ. ಪಾಸ್‌ವರ್ಡ್ ಒತ್ತದೆಯೇ ಫೋನನ್ನು ಸೇರಿಸಿಕೊಳ್ಳುವ ಡಬ್ಲ್ಯೂಪಿಎಸ್ ಗುಂಡಿಯನ್ನೂ ಹೊರಗಿನಿಂದ ನಿಯಂತ್ರಿಸುವ ಸೌಲಭ್ಯವನ್ನೂ ಆಫ್ ಮಾಡಿಬಿಡಿ. ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದ ಪಾಸ್‌ವರ್ಡ್ ಅಮ್ಮನಿಗೂ ನೆನಪಿರುತ್ತದೆ, ಊಹಿಸುವವನಿಗೂ ಕಷ್ಟ.

ಮಲೆನಾಡಿನಲ್ಲಿ ಕರೆಂಟಿನದು ಪ್ರತ್ಯೇಕ ಅಧ್ಯಾಯ. ಹೆಚ್ಚಿನ ರೌಟರ್‌ಗಳು 12 ವೋಲ್ಟಿನವು, ಎಳೆಯುವುದೂ ಕಡಿಮೆ. ಅಂಗೈ ಅಗಲದ ಮಿನಿ ಯುಪಿಎಸ್ ಒಂದಿದ್ದರೆ ಕರೆಂಟು ಹೋದ ಮೇಲೂ ಎರಡು ಮೂರು ಗಂಟೆ ನಡೆಯುತ್ತದೆ. ಫೈಬರಿನ ಡಬ್ಬಿಗೂ ಸೇರಿಸಲು ಮರೆಯಬೇಡಿ. ಗುಡುಗು ಶುರುವಾದರೆ ಮಾತ್ರ ಅಡಾಪ್ಟರ್ ಕಿತ್ತಿಡುವುದೇ ಸರಿ: ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಸಿಡಿಲು ಕರೆಂಟಿನ ತಂತಿ ಹಿಡಿದು ಬರುತ್ತದೆ.

ನಾಗಂದಿಗೆಯ ಮೇಲೆ ರೌಟರ್ ಏರಿದ ದಿನ ಹಿತ್ತಲ ಕೋಣೆಯಲ್ಲಿ ಮೈನಸ್ 61 ತೋರಿಸಿತು. ಮೇಷ್ಟ್ರ ಮುಖ ಇಡಿಯಾಗಿ ಕಂಡಿತು. ಅದು ಬೇಸಿಗೆ. ಜುಲೈನಲ್ಲಿ, ಗೋಡೆಗಳು ತಂಪೇರಿ ಕೈಯಿಟ್ಟರೆ ಒದ್ದೆ ಅನ್ನಿಸುವ ಹೊತ್ತಿಗೆ ಮತ್ತೆ ಅಳೆದೆ: ಮೈನಸ್ 66. ಈಗ ಅಣ್ಣನ ಮಗಳು ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಆ ಅಂಕಿ ಬರೆದಿಡುತ್ತಿದ್ದಾಳೆ, ಪಕ್ಕದಲ್ಲಿ ಆ ದಿನ ಅಂಗಳದಲ್ಲಿ ಬಿದ್ದ ಮಳೆಯ ಅಳತೆ.